ಸಣ್ಣ ಹುಡುಗರ ಮೂತ್ರಚೀಲದಾಗ ಕಲ್ಲು: ತಪ್ಪು ಬೋರಿನ ನೀರಿಂದೋ, ತಾಟಿನಾಗಿನ ಊಟದ್ದೋ?

ಪ್ರಶ್ನೆ: ಅಂಗನವಾಡಿ ಮೇಲ್ವಿಚಾರಕಿ, ವಿಜಯಪುರ ಜಿಲ್ಲೆ

ನಮಸ್ಕಾರ್ರೀ ಎಲ್ಲಾರಿಗೂ. ತಾಯಂದಿರ ಸಭೆಯೊಳಗ ಹಂಚಾಕ ಒಂದು ಹಾಳಿ ಬರಿಯಾಕತ್ತೀವಿ. ವಿಷಯ, ಎರಡರಿಂದ ಆರು ವರ್ಷದ ಹುಡುಗರ ಮೂತ್ರಚೀಲದಾಗ ಆಗೋ ಕಲ್ಲು. ಊರಾಗ ಕೇಳಿದ್ರ ಎಲ್ಲಾರದೂ ಒಂದ ಮಾತು: "ನಮ್ಮ ಬೋರಿನ ನೀರು ಸವಳು. ಹಂಡೇದಾಗ ಬಿಳಿ ಹಕ್ಕಳಿ ಕಟ್ಟತೈತಿ, ಕೂಸಿನ ಹೊಟ್ಟ್ಯಾಗೂ ಹಂಗ ಕಟ್ಟತೈತಿ." ಇದನ್ನ ಹಾಳ್ಯಾಗ ಬರಿಯೂದು ಸರಿಯೋ ತಪ್ಪೋ ಗೊತ್ತಾಗಬೇಕು.

ಇನ್ನೊಂದು, ಕಲ್ಲು ಅಂದಕೂಡ್ಲೆ ಮನ್ಯಾಗ ಮೊದಲು ಹಾಲು, ಮೊಸರು, ಟೊಮೇಟೊ ಬಂದ್ ಮಾಡ್ತಾರ. ಆಮ್ಯಾಲೆ ಬಾಳಿದಿಂಡಿನ ರಸ, ಹುರಳಿ ಕಟ್ಟು, ಬಾರ್ಲಿ ನೀರು ಕುಡಿಸ್ಕೋತ ತಿಂಗಳಗಟ್ಲೆ ಕಾಯ್ತಾರ. ಹುಡುಗ್ಯಾರಿಗೆ ಬಿಟ್ಟು ಹುಡುಗರಿಗೇ ಯಾಕ ಹೆಚ್ಚು ಅಂತನೂ ಕೇಳ್ತಾರ. ತಿಳಿದವರು ದಯಮಾಡಿ ಅಳತಿ ಸಹಿತ ಬರೀರಿ. "ಚೆನ್ನಾಗಿ ನೀರು ಕುಡಿಸಿ, ಪೌಷ್ಟಿಕ ಆಹಾರ ಕೊಡಿ" ಅನ್ನೋ ಸಾಲು ನಮ್ಮ ಹತ್ರ ಬೇಕಾದಷ್ಟು ಅದಾವ.

ಉತ್ತರ: ಮಕ್ಕಳ ಶಸ್ತ್ರವೈದ್ಯ, ಬೆಳಗಾವಿ

ದೊಡ್ಡವರ ಕಿಡ್ನಿ ಕಲ್ಲಿನ ಬಗ್ಗೆ ಕೇಳಿದ್ದನ್ನೆಲ್ಲ ಸಣ್ಣ ಮಕ್ಕಳ ಮೂತ್ರಚೀಲದ ಕಲ್ಲಿಗೆ ಹಚ್ಚಬಾರದು. ಎರಡೂ ಬೇರೆ ರೋಗ. ಗೊಂದಲ ಅರ್ಧ ಹುಟ್ಟುವುದೇ ಇಲ್ಲಿಂದ.

ಮೂತ್ರಚೀಲದಲ್ಲೇ ಹುಟ್ಟಿ ಅಲ್ಲೇ ಬೆಳೆಯುವ ಈ ಕಲ್ಲು ಹತ್ತು ವರ್ಷದೊಳಗಿನ ಮಕ್ಕಳದು, ಅದರಲ್ಲೂ ಎರಡರಿಂದ ಐದು ವರ್ಷದವರಲ್ಲಿ ಹೆಚ್ಚು. ಸುಮಾರು ಹತ್ತು ಹುಡುಗರಿಗೆ ಒಬ್ಬಳು ಹುಡುಗಿ. ಬಹುತೇಕ ಒಂದೇ ಕಲ್ಲು ಇರುತ್ತದೆ, ತೆಗೆದ ಮೇಲೆ ಮರಳಿ ಬರುವುದು ಅಪರೂಪ. ಅದನ್ನು ಒಡೆದು ಪರೀಕ್ಷೆ ಮಾಡಿದರೆ ಸಿಗುವುದು ಮುಖ್ಯವಾಗಿ ಅಮೋನಿಯಂ ಆಸಿಡ್ ಯೂರೇಟ್ (ಚಿಕ್ಕದಾಗಿ ಅಮೋನಿಯಂ ಯೂರೇಟ್; ಅಮೋನಿಯಾ ಮತ್ತು ಯೂರಿಕ್ ಆಸಿಡ್ ಸೇರಿದ ಲವಣ), ಅದರ ಜೊತೆ ಹಲವು ಸಲ ಕ್ಯಾಲ್ಸಿಯಂ ಆಕ್ಸಲೇಟ್. ಹಂಡೆಯ ಹಕ್ಕಳೆ ಕ್ಯಾಲ್ಸಿಯಂ ಕಾರ್ಬೊನೇಟ್. ವಸ್ತುವೇ ಬೇರೆ ಅಂದಮೇಲೆ ಕಾರಣವನ್ನೂ ಬೇರೆ ಕಡೆ ಹುಡುಕಬೇಕು.

ಅಮೋನಿಯಂ ಯೂರೇಟ್ ಯಾಕೆ ಕಟ್ಟುತ್ತದೆ? ದೇಹದಲ್ಲಿ ದಿನವೂ ಹುಟ್ಟುವ ಆಮ್ಲವನ್ನು ಕಿಡ್ನಿ ಮುಖ್ಯವಾಗಿ ಎರಡು ದಾರಿಯಲ್ಲಿ ಹೊರಹಾಕುತ್ತದೆ: ಒಂದಿಷ್ಟು ಫಾಸ್ಫೇಟಿನ ಜೊತೆ, ಒಂದಿಷ್ಟು ಅಮೋನಿಯಾದ ಜೊತೆ. ಹಾಲು, ತತ್ತಿ, ಮೀನು, ಮಾಂಸ ತಿನ್ನುವ ಮಗುವಿನ ಮೂತ್ರದಲ್ಲಿ ಫಾಸ್ಫೇಟ್ ಸಾಕಷ್ಟು ಇರುತ್ತದೆ. ಬರೀ ಗಂಜಿ, ನುಚ್ಚು, ಅನ್ನದ ಮೇಲೆ ಬೆಳೆಯುವ ಮಗುವಿಗೆ ಅದು ಸಾಲುವುದಿಲ್ಲ. ಜೋಳ, ಗೋಧಿಯಲ್ಲಿ ಫಾಸ್ಫರಸ್ ಇದೆ, ಆದರೆ ಹೆಚ್ಚಿನದು ಫೈಟೇಟ್ (ಕಾಳಿನೊಳಗೆ ಫಾಸ್ಫರಸ್ ಕಟ್ಟಿಹಾಕಿರುವ ವಸ್ತು) ರೂಪದಲ್ಲಿರುವುದರಿಂದ ಕರುಳು ಅದನ್ನು ಪೂರ್ತಿ ಹೀರಿಕೊಳ್ಳಲಾರದು. ಪಾಲಿಶ್ ಅಕ್ಕಿಯಲ್ಲಿ ಮೊದಲೇ ಕಡಿಮೆ. ಫಾಸ್ಫೇಟಿನ ದಾರಿ ಕಟ್ಟಿದಾಗ ಕಿಡ್ನಿ ಅಮೋನಿಯಾವನ್ನು ಹೆಚ್ಚು ಬಿಡುತ್ತದೆ. ಅದೇ ಹೊತ್ತಿಗೆ ಭೇದಿಯೋ, ಏಪ್ರಿಲ್ ತಿಂಗಳ ಬಿಸಿಲೋ ಮೂತ್ರವನ್ನು ಕಡಿಮೆ ಮಾಡಿ ದಪ್ಪ ಮಾಡಿದರೆ ಅಮೋನಿಯಾ ಮತ್ತು ಯೂರೇಟ್ ಸೇರಿ ಹರಳುಗಟ್ಟುತ್ತವೆ. ಆಹಾರ ಒಂದೇ, ಅಥವಾ ನೀರಿನ ಕೊರತೆ ಒಂದೇ ಆದರೆ ಮಗು ಹೇಗೋ ಪಾರಾಗಬಹುದು. ಎರಡೂ ಕೂಡಿ, ಮೇಲಿಂದ ಮೇಲೆ ಆದಾಗ ಕಲ್ಲು ಬೆಳೆಯುತ್ತದೆ.

ಇದು ಊಹೆಯ ಮಾತಲ್ಲ. ಥಾಯ್ಲೆಂಡಿನ ಉಬೊನ್ ಪ್ರಾಂತದಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಕೂಸಿಗೆ ಅಂಟು ಅಕ್ಕಿಯ ಅನ್ನ ತಿನ್ನಿಸುವ ರೂಢಿ ಇತ್ತು, ಮೂತ್ರಚೀಲದ ಕಲ್ಲೂ ಅಲ್ಲಿ ವಿಪರೀತ. 1960ರ ದಶಕದ ಅಧ್ಯಯನಗಳಲ್ಲಿ ಅಲ್ಲಿನ ಕೂಸುಗಳಿಗೆ ಫಾಸ್ಫೇಟ್ ಕೊಟ್ಟಾಗ ಮೂತ್ರದ ಹರಳು ಇಳಿದವು. ಅದಕ್ಕೂ ಮೊದಲು ಪಕ್ಕದ ತಮಿಳುನಾಡಿನ ಕೂನೂರಿನಲ್ಲಿ ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಹಾಲಿಲ್ಲದ ಕಾಳಿನ ಆಹಾರ ಹಾಕಿ ಕಲ್ಲು ಬರಿಸಿದ್ದರು, ಹಾಲು ಸೇರಿಸಿ ತಡೆದಿದ್ದರು. ಇಂಗ್ಲೆಂಡಿನ ನಾರ್ವಿಚ್ ಸೀಮೆಯಲ್ಲಿ 18–19ನೇ ಶತಮಾನದಲ್ಲಿ ಬಡವರ ಹುಡುಗರಿಗೆ ಇದು ಮಾಮೂಲಿ ರೋಗವಾಗಿತ್ತು. ಮಕ್ಕಳ ಊಟ ಸುಧಾರಿಸಿದಂತೆ ಅಲ್ಲಿಂದ ಕಾಲ್ತೆಗೆಯಿತು.

ಹುಡುಗರಿಗೇ ಯಾಕೆ ಅಂದರೆ, ಹರಳು ಹುಡುಗಿಯರಲ್ಲೂ ಆಗುತ್ತದೆ. ಅವರ ಮೂತ್ರನಾಳ ಗಿಡ್ಡ, ನೇರ, ಅಗಲ. ಮರಳಿನಂಥ ಕಣ ಇರುವಾಗಲೇ ತೊಳೆದು ಹೋಗುತ್ತದೆ. ಹುಡುಗರದು ಉದ್ದ, ಬಾಗು, ಸಣ್ಣ. ಮೂರು ವರ್ಷದವನಿಗೆ ಸಾಮಾನ್ಯವಾಗಿ ಹಾಕುವ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) 8 ಫ್ರೆಂಚ್, ಅಂದರೆ 2.7 ಮಿಲಿಮೀಟರ್ ದಪ್ಪ. ಒಂದು ಸೆಂಟಿಮೀಟರಿನ ಕಲ್ಲು ಆ ದಾರಿಯಲ್ಲಿ ಹೊರಬರುತ್ತದೆ ಅಂತ ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ಹಾಳೆಯಲ್ಲಿ ಲಕ್ಷಣಗಳನ್ನು ತಪ್ಪದೆ ಹಾಕಿ. ಮಗು ಮೂತ್ರಕ್ಕೆ ಕೂತಾಗ ಅಳುತ್ತದೆ, ಶಿಶ್ನದ ತುದಿಯನ್ನು ಹಿಡಿದು ಎಳೆಯುತ್ತಿರುತ್ತದೆ. ಧಾರೆ ನಡುವೆ ಗಕ್ಕನೆ ನಿಲ್ಲುತ್ತದೆ, ಮಲಗಿಸಿದರೆ ಅಥವಾ ಮಗ್ಗಲು ಬದಲಿಸಿದರೆ ಮತ್ತೆ ಬರುತ್ತದೆ, ಯಾಕೆಂದರೆ ಕಲ್ಲು ಬಾಯಿಯಿಂದ ಉರುಳಿ ಹಿಂದೆ ಹೋಗಿರುತ್ತದೆ. ಕೊನೆಯ ಹನಿಯಲ್ಲಿ ರಕ್ತ ಕಾಣಬಹುದು. ತಿಣುಕಿ ತಿಣುಕಿ ಗುದದ್ವಾರ ಹೊರಬರುವುದೂ ಉಂಟು. ಆಗ ಮನೆಯವರು ಅದನ್ನು ಮೂಲವ್ಯಾಧಿ ಅಂತ ತಿಳಿದು ಬೇರೆ ಕಡೆ ಅಲೆಯುತ್ತಾರೆ. "ಹುಡುಗನಿಗೆ ಕೆಟ್ಟ ಚಟ, ಕೈ ತೆಗೆಯೋದಿಲ್ಲ" ಅಂತ ಹೊಡೆಯುವವರೂ ಇದ್ದಾರೆ. ಅದು ಚಟವಲ್ಲ, ಮೂತ್ರಚೀಲದ ಬಾಯಿಯ ನೋವು ತುದಿಯಲ್ಲಿ ಕಾಣಿಸಿಕೊಳ್ಳುವ ಬಗೆ.

ಮೂತ್ರ ಪೂರ್ತಿ ಕಟ್ಟಿ ಕೆಳಹೊಟ್ಟೆ ಉಬ್ಬಿದರೆ, ಅಥವಾ ಜ್ವರ, ನಡುಕ, ವಾಂತಿ ಜೊತೆಗೂಡಿದರೆ ಅದೇ ದಿನ ಆಸ್ಪತ್ರೆ. ಕಲ್ಲು ನಾಳದಲ್ಲಿ ಸಿಕ್ಕಿ ಕೈಗೆ ಗಟ್ಟಿಯಾಗಿ ಹತ್ತುತ್ತಿದ್ದರೂ ಹಿಂಡಿ ತೆಗೆಯಲು ಹೋಗಬೇಡಿ. ನಾಳದ ಒಳಪದರ ಹರಿದರೆ ಮುಂದೆ ಅದೇ ಜಾಗ ಕಿರಿದಾಗಿ ಹುಡುಗ ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ.

ಉತ್ತರ: ನೀರಿನ ಪ್ರಯೋಗಾಲಯ, ಬಾಗಲಕೋಟಿ

ಡಾಕ್ಟ್ರು ಹೇಳಿದ್ದು ಖರೆ. ನೀರಿನ ಮ್ಯಾಲಿನ ಆಪಾದನೆ ಅಷ್ಟ ಸ್ವಲ್ಪ ಬಿಡಿಸಿ ಹೇಳ್ತೀನ್ರಿ.

ಹಂಡೇದಾಗ ಹಕ್ಕಳಿ ಕಟ್ಟೂದು ನೀರು ಕಾದಾಗ. ಬೈಕಾರ್ಬೊನೇಟ್ ಒಡದು ಕಾರ್ಬೊನೇಟ್ ಆಗಿ ತಳಕ್ಕ ಕೂಡತೈತಿ. ದೇಹದಾಗ ಯಾರೂ ನೀರು ಕುದಸಂಗಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕರುಳಿನಾಗ ಆಕ್ಸಲೇಟ್ ಹಿಡಕೊಂಡು ಸಂಡಾಸದಾಗ ಹೊರಗ ಹಾಕತೈತಿ, ಅಷ್ಟರ ಮಟ್ಟಿಗೆ ಅದು ಉಪಕಾರನ. ಕುಡಿಯೂ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರು ಇಲ್ಲದಿದ್ರ 600ರ ತನಕ ನಡೀತೈತಿ.

ಹಂಗಂತ ನೀರು ಪೂರಾ ನಿರ್ದೋಷಿ ಅನ್ನಂಗಿಲ್ಲ. ಡೋಣಿ ನದಿ ಸಾಲಿನ ಹಳ್ಳಿಗಳ ಸವಳು ನೀರು ಬಾಯಿಗೆ ಹಿಡಸಂಗಿಲ್ಲ. ದೊಡ್ಡವರು ಮೂಗು ಮುಚ್ಚಿಕೊಂಡು ಕುಡೀತಾರ, ಎರಡು ವರ್ಷದ ಕೂಸು ಒಂದು ಗುಟುಕು ತೊಗೊಂಡು ತೂ ಅಂತೈತಿ. ಕೂಸು ಬೇಕಾದ್ದರ ಅರ್ಧಾನೂ ಕುಡಿಯಂಗಿಲ್ಲ. ನೀರಿನ ತಪ್ಪು ಇರೂದು ಅಲ್ಲಿ. ಹಾಳ್ಯಾಗ "ಗಡಸು ನೀರಿನಿಂದ ಕಲ್ಲು" ಅಂತ ಬರೀಬ್ಯಾಡ್ರಿ. "ಕೂಸು ಕುಡಿಯೂವಂಥ ಸಿಹಿ ನೀರು ಬ್ಯಾರೆ ತಂದಿಡ್ರಿ" ಅಂತ ಬರೀರಿ. ದೊಡ್ಡವರಿಗೆ, ಬಳಕಿಗೆ ಬೋರಿಂದ ಇರಲಿ. ಶುದ್ಧ ನೀರಿನ ಘಟಕದ್ದು ದಿನಕ್ಕ ಎರಡು ಲೀಟರ್ ಒಂದು ಕೂಸಿನ ಕುಡಿಯೂದಕ್ಕ, ಗಂಜಿಗೆ ಸಾಕು.

ನೀರು ಪರೀಕ್ಷೆ ಮಾಡ್ಸೂದಿದ್ರ ಗಡಸುತನಕ್ಕಿಂತ ಫ್ಲೋರೈಡು ಮತ್ತ ನೈಟ್ರೇಟ್ ನೋಡಸ್ರಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚಂದ್ರ 1.5. ನೈಟ್ರೇಟ್ 45. ಫ್ಲೋರೈಡ್ ಹಲ್ಲು, ಎಲುವು ಕೆಡಸತೈತಿ, ಮತ್ತ ಅದು ಕುದಿಸಿದ್ರ ಹೋಗಂಗಿಲ್ಲ, ನೀರು ಆವಿಯಾದಷ್ಟು ದಪ್ಪ ಆಗತೈತಿ. ಸ್ಯಾಂಪಲ್ ತೊಗೊಳ್ಳೂವಾಗ ಬೋರ್ ಐದು ನಿಮಿಷ ಹರಿಯಾಕ ಬಿಟ್ಟು, ಸ್ವಚ್ಛ ಪ್ಲಾಸ್ಟಿಕ್ ಬಾಟ್ಲಿ ಅದ ನೀರಿಲೆ ಮೂರು ಸಲ ಗಲಬರಿಸಿ ಒಂದು ಲೀಟರ್ ತುಂಬ್ರಿ. ಗಾಜಿಂದು ಬ್ಯಾಡ, ಫ್ಲೋರೈಡ್ ಗಾಜಿಗೆ ಹತ್ತತೈತಿ.

ಉತ್ತರ: ಮಕ್ಕಳ ವೈದ್ಯೆ, ವಿಜಯಪುರ

ಊಟದ ಭಾಗ ನಾನು ಬರೀತೀನಿ, ತಡೆಯೋದು ಸಾಧ್ಯ ಇರೋದು ಅಲ್ಲೇ.

ಮೊದಲ ಆರು ತಿಂಗಳು ತಾಯಿ ಹಾಲು ಬಿಟ್ಟು ಏನೂ ಬೇಡ. ಗುಟ್ಟಿ, ಜೇನುತುಪ್ಪ, ಸಕ್ಕರೆ ನೀರು, ಗಂಜಿ ತಿಳಿ ಒಂದೂ ಬೇಡ. ಗಂಜಿ ತಿಳಿಯಿಂದ ಎರಡು ನಷ್ಟ: ಹೊಟ್ಟೆ ತುಂಬಿ ಕೂಸು ಹಾಲು ಎಳೆಯೋದು ಬಿಡುತ್ತದೆ, ಬಾಟಲಿಯಿಂದ ಭೇದಿ ಹತ್ತುತ್ತದೆ. ಕಲ್ಲಿಗೆ ಬೇಕಾದ ಎರಡೂ ಕಾರಣ ಒಂದೇ ಬಟ್ಟಲಲ್ಲಿ ಬಂದಂತಾಯಿತು.

ಆರು ತಿಂಗಳಾದ ಮೇಲೆ ನಮ್ಮ ಕಡೆ ತಪ್ಪೋದು ಎಲ್ಲಿ? ಜೋಳದ ನುಚ್ಚಿನಲ್ಲಿ ತಪ್ಪಿಲ್ಲ, ನುಚ್ಚು ಒಂದನ್ನೇ ನೀರು ನೀರಾಗಿ ಕುಡಿಸೋದರಲ್ಲಿ ತಪ್ಪಿದೆ. ಎರಡು ಪಾಲು ನುಚ್ಚಿಗೆ ಒಂದು ಪಾಲು ಹೆಸರುಬ್ಯಾಳಿ ಹಾಕಿ ಮೆತ್ತಗೆ ಕುದಿಸಿ, ಇಳಿಸಿದ ಮೇಲೆ ಒಂದು ಚಮಚ ತುಪ್ಪ. ಚಮಚ ಓರೆ ಮಾಡಿದರೆ ಸುರಿಯಬಾರದು, ಜಾರಬೇಕು, ಅಷ್ಟು ಗಟ್ಟಿ. ಅಂಬಲಿ ಹುಳಿ ಬಂದಷ್ಟೂ ಫೈಟೇಟ್ ಕಡಿಮೆಯಾಗುತ್ತದೆ, ಹಾಗಾಗಿ ಹಿಟ್ಟು ರಾತ್ರಿ ಕಲಸಿಟ್ಟು ಬೆಳಗ್ಗೆ ಕಾಯಿಸೋ ಹಳೇ ಪದ್ಧತಿ ಒಳ್ಳೇದೇ. ಮಗುವಿಗೆ ಕೊಡುವಾಗ ಅದರಲ್ಲಿ ಮಜ್ಜಿಗೆ ಬದಲು ಗಟ್ಟಿ ಮೊಸರು ಕಲಸಿ.

ಹಾಲು ನಿಲ್ಲಿಸಬೇಡಿ. ಈ ಕಲ್ಲಿಗೆ ಹಾಲು ಕಾರಣವಲ್ಲ, ಹಾಲಿಲ್ಲದ್ದು ಕಾರಣ. ಆಕಳ ಹಾಲಿನ 100 ಮಿ.ಲೀ.ಯಲ್ಲಿ ಸುಮಾರು 90 ಮಿಲಿಗ್ರಾಂ ಫಾಸ್ಫರಸ್ ಇದೆ, ಒಂದು ತತ್ತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ವರ್ಷ ತುಂಬಿದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಮೊಸರು ಸೇರಿ, ತಿನ್ನುವ ಮನೆಯಾದರೆ ಒಂದು ತತ್ತಿ. ಕ್ಷೀರಭಾಗ್ಯದ ಹಾಲು ಅಂಗನವಾಡಿಯಲ್ಲಿ ಸಿಗುತ್ತದೆ, ಅದನ್ನು ಮಗು ಅಲ್ಲೇ ಕುಡಿಯಲಿ, ಮನೆಗೆ ಒಯ್ದರೆ ಚಹಾಕ್ಕೆ ಹೋಗುತ್ತದೆ. ಚಹಾ-ಬಿಸ್ಕೀಟು, ಚಹಾ-ಟೋಸ್ಟಿನ ಮೇಲೆ ಒಪ್ಪೊತ್ತು ಕಳೆಯುವ ಮಕ್ಕಳು ನಮ್ಮಲ್ಲಿ ಬಹಳ. ಅದರಲ್ಲಿ ಹಾಲು ನಾಲ್ಕು ಚಮಚವೂ ಇರುವುದಿಲ್ಲ. ಟೊಮೇಟೊ ಪಾಪ ಸುಮ್ಮನೆ ಬೈಸಿಕೊಳ್ಳುತ್ತದೆ, ಸಾರಿನಲ್ಲಿ ಇರಲಿ ಬಿಡಿ.

ನೀರಿನ ಲೆಕ್ಕ ತೂಕದ ಮೇಲೆ. ಮೊದಲ 10 ಕಿಲೋಗೆ ಕಿಲೋಗೆ 100 ಮಿ.ಲೀ., ಮುಂದಿನ 10 ಕಿಲೋಗೆ ಕಿಲೋಗೆ 50. ಅಂದರೆ 12 ಕಿಲೋ ಮಗುವಿಗೆ ಹಾಲು, ಸಾರು, ನೀರು ಎಲ್ಲ ಸೇರಿ 1100 ಮಿ.ಲೀ. ಬೇಸಿಗೆಯಲ್ಲಿ ಇದರ ಮೇಲೆ ಇನ್ನೂ ಬೇಕು. ತಾಯಂದಿರಿಗೆ ಮಿ.ಲೀ. ಲೆಕ್ಕಕ್ಕಿಂತ ಬಣ್ಣ ಹೇಳಿ: ಬೆಳಗಿನದು ಬಿಟ್ಟು ಉಳಿದ ಹೊತ್ತಿನ ಮೂತ್ರ ತಿಳಿ ಇರಬೇಕು, ದಿನಕ್ಕೆ ಆರು ಸಲವಾದರೂ ಆಗಬೇಕು. ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು, ಹತ್ತಿ ಬಿಡಿಸುವಾಗ ಬದುವಿನ ಮೇಲೆ ಜೋಳಿಗೆಯಲ್ಲಿ ಮಲಗುವ ಕೂಸುಗಳು, ಇವರ ಬಗ್ಗೆ ಹಾಳೆಯಲ್ಲಿ ಬೇರೆಯೇ ಒಂದು ಸಾಲು ಹಾಕಿ. ತಾಯಿ ಕೆಲಸದ ನಡುವೆ ಬಂದಾಗಲೇ ಅವಕ್ಕೆ ನೀರು. ಮಗುವಿನದೇ ಬಾಟಲಿ ನೆರಳಲ್ಲಿರಲಿ, ಕಾಯುವ ದೊಡ್ಡ ಹುಡುಗಿಗೆ "ಗಂಟೆಗೊಮ್ಮೆ ನಾಲ್ಕು ಗುಟುಕು" ಅಂತ ಹೇಳಿಡಿ.

ಭೇದಿ ಹತ್ತಿದರೆ ಪ್ರತಿ ಸಲಕ್ಕೆ ಓಆರ್‌ಎಸ್: ಎರಡು ವರ್ಷದೊಳಗೆ 50–100 ಮಿ.ಲೀ., ಮೇಲ್ಪಟ್ಟು 100–200. ಪ್ಯಾಕೆಟ್ ಒಂದು ಲೀಟರಿನದೋ 200 ಮಿ.ಲೀ.ಯದೋ ಓದಿ ನೋಡಿ. ಲೀಟರಿನ ಪ್ಯಾಕೆಟ್ ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ, ಅದು ಅಪಾಯ. ಜೊತೆಗೆ ಸತುವಿನ ಮಾತ್ರೆ 14 ದಿನ, ಆರು ತಿಂಗಳ ಮೇಲಿನವರಿಗೆ 20 ಮಿಲಿಗ್ರಾಂ. ಭೇದಿ ನಿಂತಿತೆಂದು ನಾಲ್ಕನೇ ದಿನಕ್ಕೆ ಬಿಡಬಾರದು.

ಎ ಜೀವಸತ್ವ ಕಡಿಮೆಯಾದರೆ ಮೂತ್ರಚೀಲದ ಒಳಪದರ ಒರಟಾಗಿ ಉದುರುತ್ತದೆ, ಉದುರಿದ ಕಣದ ಸುತ್ತ ಹರಳು ಕೂಡಬಹುದು. ಅದರ ಹನಿ ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಆರಾರು ತಿಂಗಳಿಗೆ ಎರಡು ಲಕ್ಷ, ಐದು ವರ್ಷದ ತನಕ ಒಟ್ಟು ಒಂಬತ್ತು ಸಲ. ಮೊದಲ ಡೋಸ್ ಲಸಿಕೆಯ ಜೊತೆ ಆಗಿಬಿಡುತ್ತದೆ, ಎರಡು ವರ್ಷದ ನಂತರದವೇ ತಪ್ಪೋದು. ತಾಯಿ ಕಾರ್ಡ್ ತೆಗೆದು ನೋಡಿ.

ಮರುಪ್ರಶ್ನೆ: ಅಂಗನವಾಡಿ ಮೇಲ್ವಿಚಾರಕಿ

ಬಾಳ ಉಪಕಾರ ಆತ್ರಿ. ಮೇಡಂ, ತಾಯಿ ಹಾಲಿನಾಗೂ ಫಾಸ್ಫರಸ್ ಕಡಿಮಿ ಅಂತ ತರಬೇತಿಯೊಳಗ ಯಾರೋ ಹೇಳಿದ್ರು. ಹಂಗಾದ್ರ ಅದೂ ಕಾರಣ ಆಗಬೇಕಲ್ಲಾ? ಇದನ್ನ ಯಾರರ ಸಭೆಯೊಳಗ ಎತ್ತಿದ್ರ ಏನು ಹೇಳಬೇಕು? ಮತ್ತ ಸ್ಕ್ಯಾನಿಂಗ್ ಬ್ಯಾಡ, ಎಕ್ಸ್‌ರೇ ಸಾಕು ಅಂತಾರ, ಖರ್ಚು ಉಳೀತೈತಿ ಅಂತ.

ಉತ್ತರ: ಮಕ್ಕಳ ವೈದ್ಯೆ, ವಿಜಯಪುರ

ಕಡಿಮೆ ಹೌದು, 100 ಮಿ.ಲೀ.ಗೆ ಸುಮಾರು 15 ಮಿಲಿಗ್ರಾಂ. ಆದರೆ ಕೂಸು ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ, ತಾಯಿ ಹಾಲು ಮಾತ್ರ ಕುಡಿಯುವ ಕೂಸಿನ ಮೂತ್ರ ತಿಳಿಯಾಗಿ ಧಾರಾಳ ಹೋಗುತ್ತದೆ, ಭೇದಿಯೂ ಕಡಿಮೆ. ಆ ಹಾಲಿನ ಜಾಗವನ್ನು ಗಂಜಿ ಆಕ್ರಮಿಸಿದಾಗಲೇ ತೊಂದರೆ ಶುರು. ವರ್ಷದೊಳಗೆ ಆಕಳ ಹಾಲನ್ನು ಮುಖ್ಯ ಪಾನೀಯ ಮಾಡಬೇಡಿ, ಅದು ರಕ್ತಹೀನತೆಗೆ ದಾರಿ.

ಉತ್ತರ: ಸೋನೋಗ್ರಫಿ ವಿಭಾಗ, ಬೆಳಗಾವಿ

ಎಕ್ಸ್‌ರೇ ಸಾಕಾಗೋದಿಲ್ಲ. ಶುದ್ಧ ಯೂರೇಟ್ ಕಲ್ಲು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಕ್ಯಾಲ್ಸಿಯಂ ಬೆರೆತಿದ್ದರೆ ಮಾತ್ರ ಕಾಣುತ್ತದೆ. "ಎಕ್ಸ್‌ರೇ ನಾರ್ಮಲ್" ಅಂತ ಮನೆಗೆ ಹೋದ ಮಗುವಿಗೆ ಕಲ್ಲು ಇರಬಹುದು. ಸ್ಕ್ಯಾನಿಂಗಿಗೆ ಮೂತ್ರಚೀಲ ತುಂಬಿರಬೇಕು: ಅರ್ಧ ಮುಕ್ಕಾಲು ಗಂಟೆ ಮೊದಲು ಒಂದು ಲೋಟ ನೀರು ಅಥವಾ ಹಾಲು ಕುಡಿಸಿ, ಬಾಗಿಲಲ್ಲಿ ನಿಲ್ಲಿಸಿಕೊಂಡು ಮೂತ್ರಕ್ಕೆ ಕೂರಿಸಬೇಡಿ. ಖಾಲಿ ಚೀಲದ ಮಡಿಕೆಯಲ್ಲಿ ಸಣ್ಣ ಕಲ್ಲು ತಪ್ಪಿಹೋಗುತ್ತದೆ. ಮಗುವನ್ನು ಎಡಕ್ಕೆ ಬಲಕ್ಕೆ ಹೊರಳಿಸಿದಾಗ ಬಿಳಿ ಗೆರೆ ಉರುಳಿ, ಅದರ ಹಿಂದೆ ಕಪ್ಪು ನೆರಳೂ ಜೊತೆಗೇ ಸರಿದರೆ ಕಲ್ಲು ಖಚಿತ. ಅದೇ ಕೂತಲ್ಲಿ ಎರಡೂ ಕಿಡ್ನಿ, ಚೀಲದ ಗೋಡೆಯ ದಪ್ಪ, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅನ್ನೋದನ್ನೂ ವರದಿಯಲ್ಲಿ ಬರೆಸಿಕೊಳ್ಳಿ. ಸಿಟಿ ಸ್ಕ್ಯಾನ್ ಈ ವಯಸ್ಸಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಉತ್ತರ: ಆಯುರ್ವೇದ ಶಲ್ಯತಂತ್ರ (ಶಸ್ತ್ರಚಿಕಿತ್ಸೆ) ವಿಭಾಗ, ಬಾಗಲಕೋಟೆ

ಬಾಳೆದಿಂಡು, ಹುರಳಿ ಕಟ್ಟಿನ ವಿಚಾರಕ್ಕೆ ನಮ್ಮ ಕಡೆಯಿಂದಲೂ ಒಂದು ಮಾತು. ಸುಶ್ರುತ ಸಂಹಿತೆ ನಿದಾನಸ್ಥಾನದ ಮೂರನೇ ಅಧ್ಯಾಯದಲ್ಲೇ ಅಶ್ಮರಿ, ಅಂದರೆ ಮೂತ್ರದ ಕಲ್ಲು, ವಿಶೇಷವಾಗಿ ಮಕ್ಕಳಿಗೆ ಆಗುತ್ತದೆ, ಅದಕ್ಕೆ ಆಹಾರ ಕಾರಣ ಎಂದಿದೆ. ಬಸ್ತಿ (ಮೂತ್ರಚೀಲ) ಸಣ್ಣದಿರುವುದರಿಂದ ಅವರಲ್ಲಿ ಹಿಡಿದು ತೆಗೆಯುವುದು ಸುಲಭ ಎಂದೂ ಇದೆ. ಚಿಕಿತ್ಸಾಸ್ಥಾನದ ಏಳನೇ ಅಧ್ಯಾಯದ ತೀರ್ಮಾನ ಸ್ಪಷ್ಟ: ಎಳೆಯದಕ್ಕೆ ಔಷಧ, ಬೆಳೆದದ್ದಕ್ಕೆ ಶಸ್ತ್ರ. ಸೆಂಟಿಮೀಟರ್ ದಾಟಿದ ಕಲ್ಲಿಗೆ ಕಷಾಯ ಕುಡಿಸುತ್ತಾ ಕೂರುವುದಕ್ಕೆ ಶಾಸ್ತ್ರದ ಬೆಂಬಲವಿಲ್ಲ. ಹುರಳಿ ಕಟ್ಟು ಊಟದ ಜೊತೆ ಸಾರಾಗಿ ಇರಲಿ, ಅದೂ ಬ್ಯಾಳಿಯೇ. ಔಷಧವೆಂದು ಹಾಲು ಬಿಡಿಸಿ ಅದನ್ನೇ ಕುಡಿಸಬೇಡಿ.

ಉತ್ತರ: ಮಕ್ಕಳ ಶಸ್ತ್ರವೈದ್ಯ, ಬೆಳಗಾವಿ

ಅದಕ್ಕೆ ಸೇರಿಸುತ್ತೇನೆ: ಅಲೋಪಥಿಯ ಸಿಟ್ರೇಟ್ ಸಿರಪ್ಪೂ ಈ ಕಲ್ಲನ್ನು ಕರಗಿಸುವುದಿಲ್ಲ. ಮೂತ್ರವನ್ನು ಕ್ಷಾರೀಯ ಮಾಡಿದರೆ ಯೂರಿಕ್ ಆಸಿಡ್ ಕಲ್ಲು ಕರಗುತ್ತದೆ, ಅಮೋನಿಯಂ ಯೂರೇಟ್ ಕರಗದು. ಹೆಸರು ಹತ್ತಿರ ಇದೆಯೆಂದು ಒಂದೇ ಔಷಧ ನಡೆಯುವುದಿಲ್ಲ.

ತೆಗೆಯುವುದು ಎರಡು ಬಗೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಕೆಳಹೊಟ್ಟೆಯಲ್ಲಿ ಸಣ್ಣ ಅಡ್ಡ ಗೆರೆ ಕೊಯ್ದು ಚೀಲ ತೆರೆದು ಕಲ್ಲನ್ನು ಇಡಿಯಾಗಿ ಎತ್ತುತ್ತಾರೆ. ಆಮೇಲೆ ಕೆಲವು ದಿನ ಕ್ಯಾತಿಟರ್. ಇನ್ನೊಂದು, ಹೊಟ್ಟೆಯ ಚರ್ಮದ ಮೂಲಕ ಸಣ್ಣ ತೂತಿನಿಂದ ದುರ್ಬೀನು ಹಾಕಿ ಒಡೆದು ತೆಗೆಯುವುದು. ಎಳೆ ಹುಡುಗರ ಮೂತ್ರನಾಳದ ಮೂಲಕವೇ ದಪ್ಪ ದುರ್ಬೀನು ಹಾಕಿದರೆ ಮುಂದೆ ನಾಳ ಕಿರಿದಾಗುವ ಭಯ, ಅದಕ್ಕೇ ಹೊಟ್ಟೆಯ ಚರ್ಮದ ಮೂಲಕ ಹೋಗುವ ದಾರಿ.

ಎಲ್ಲಾ ಕಲ್ಲೂ ಊಟದ್ದಲ್ಲ, ಇದನ್ನು ಮರೆಯಬೇಡಿ. ಹುಟ್ಟಿನಿಂದಲೇ ಧಾರೆ ಸಣ್ಣಗೆ, ತೊಟ್ಟಿಕ್ಕುತ್ತಿದ್ದರೆ ಮೂತ್ರನಾಳದ ಹಿಂಭಾಗದಲ್ಲಿ ಕವಾಟ ಅಡ್ಡ ಇರಬಹುದು. ಕಲ್ಲು ತೆಗೆದರೂ ಕವಾಟ ಉಳಿದರೆ ಕಿಡ್ನಿ ಹೋಗುತ್ತದೆ. ಬೆನ್ನಮೇಲೆ ಗಂಟು ಇದ್ದು ಹುಟ್ಟಿದ ಮಕ್ಕಳಲ್ಲಿ ಚೀಲ ಪೂರ್ತಿ ಖಾಲಿಯಾಗದೆ ಸೋಂಕಿನ ಕಲ್ಲು ಕಟ್ಟುತ್ತದೆ. ಹುಡುಗಿಗೆ ಕಲ್ಲಾಗಿದ್ದರೆ, ಕಿಡ್ನಿಯಲ್ಲೂ ಕಲ್ಲಿದ್ದರೆ, ಒಮ್ಮೆ ತೆಗೆದದ್ದು ಮತ್ತೆ ಬಂದರೆ ಊಟದ ವಿವರಣೆಗೆ ತೃಪ್ತರಾಗಬೇಡಿ. ನಮ್ಮಲ್ಲಿ ಸೋದರಮಾವ, ಅತ್ತೆ ಮಕ್ಕಳ ಮದುವೆ ಹೆಚ್ಚು. ಸಿಸ್ಟಿನ್ ಕಲ್ಲು, ಹುಟ್ಟು ಆಕ್ಸಲೇಟ್ ದೋಷ ಎಂಬ ಆನುವಂಶಿಕ ರೋಗಗಳು ಅಂಥ ಮನೆಗಳಲ್ಲೇ ಹೆಚ್ಚು ಕಾಣುತ್ತವೆ. ಆಗ ಮೂತ್ರದ ಕ್ಯಾಲ್ಸಿಯಂ-ಕ್ರಿಯಾಟಿನಿನ್ ಅನುಪಾತ (ಎರಡೂ ಮಿಲಿಗ್ರಾಂ ಲೆಕ್ಕದಲ್ಲಿ, ಎರಡು ವರ್ಷದ ಮೇಲೆ 0.2 ದಾಟಬಾರದು), ಆಕ್ಸಲೇಟ್, ಸಿಸ್ಟಿನ್, ರಕ್ತದ ಕ್ರಿಯಾಟಿನಿನ್, ಬೈಕಾರ್ಬೊನೇಟ್ ನೋಡಬೇಕು.

ಇದನ್ನೆಲ್ಲ ಬೇರ್ಪಡಿಸುವುದು ಕಲ್ಲಿನ ಪರೀಕ್ಷೆ. ಬಹಳ ಮನೆಯವರು ಕಲ್ಲನ್ನು ದೇವರ ಜಗಲಿಯ ಮೇಲಿಡಲು ಕೇಳಿ ಒಯ್ಯುತ್ತಾರೆ. ಒಯ್ಯಲಿ, ಆದರೆ ಅರ್ಧ ಭಾಗ ಪ್ರಯೋಗಾಲಯಕ್ಕೆ ಹೋಗಲಿ, ತಿರುಳು ಸೇರಿದ ಅರ್ಧ. ಬರೀ ಸಿಪ್ಪೆ ಕಳಿಸಿದರೆ ಆಕ್ಸಲೇಟ್ ಅಂತಷ್ಟೇ ವರದಿ ಬರಬಹುದು. ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಒಣ ಡಬ್ಬಿಯಲ್ಲಿ ಹಾಕಿ, ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಬೇಡ. ದುರ್ಬೀನಿನಿಂದ ಒಡೆದದ್ದಾದರೆ ಪುಡಿಯನ್ನು ಚೆಲ್ಲದೆ ಬಟ್ಟೆಯಲ್ಲಿ ಸೋಸಿ ಕೊಡಿ ಅಂತ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಬೇಕು, ನಂತರ ಕೇಳಿದರೆ ಅದು ಹೀರುವ ಯಂತ್ರದ ಬಾಟಲಿ ಸೇರಿರುತ್ತದೆ.